ನಿಮಗೆ ಎಲ್ಲಿ ಇಳಿಯಬೇಕು?

ಅಮೆರಿಕದ ಐದು ಊರು ಸುತ್ತಿ ಬಂದ ರತ್ನಾವತಿಗೆ ಡೊಂಬಿವಲಿಯಿಂದ ಘಣಸೋಲಿಯಲ್ಲಿದ್ದ ಗೆಳತಿ ಜಾನಕಿಯ ಬಳಿಗೆ ಹೋಗುವುದೇ ದೊಡ್ಡ ಪ್ರಯಾಣವಾಗಿಬಿಟ್ಟಿತು. ಬಂದು ವಾರಗಳೇ ಕಳೆದಿದ್ದವು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ದಿನ ದೂಡಿ, ಕಡೆಗೊಂದು ಶನಿವಾರ ಚಾಕಲೇಟಿನ ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟಳು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಕಾಲು ಹಿಂದಕ್ಕೆ ಎಳೆಯಿತು. ಜಾನಕಿ ಮಾತೇ ಆಡದಿದ್ದರೆ? ಇಷ್ಟು ವರ್ಷದ ಸ್ನೇಹ ಬಾಗಿಲಲ್ಲೇ ಮುಗಿದುಹೋದರೆ?

ಸ್ನೇಹವೆಂದರೆ ಎಂಥದ್ದು! ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಹುಟ್ಟಿ ಬೆಳೆದದ್ದು. ಕಾಪು ಕಡೆಯ ರತ್ನಾವತಿ ಡೊಂಬಿವಲಿಯಲ್ಲಿ ಹತ್ತುವವಳು. ಮೈಸೂರಿನ ಜಾನಕಿ ಮಾಜಿವಾಡಾದಿಂದ ಬಸ್ಸಿನಲ್ಲಿ ಬಂದು ಠಾಣೆಯಲ್ಲಿ ಹತ್ತುವವಳು. ಇಬ್ಬರೂ ಇಳಿಯುವುದು ಗಾಡಿಯ ಕಡೆಯ ನಿಲ್ದಾಣ ವಿ.ಟಿ.ಯಲ್ಲಿ. ಆ ಸ್ಟೇಷನ್ನಿನ ಹೆಸರು ಬದಲಾಗಿ ಯಾವ ಕಾಲವಾಯಿತೋ, ಇವರ ಬಾಯಲ್ಲಿ ಮಾತ್ರ ಅದು ಇಂದಿಗೂ ವಿ.ಟಿ.ಯೇ. ಬೆಳಗಿನ ಹೊತ್ತು ಠಾಣೆಯಲ್ಲಿ ಹತ್ತಿದವರಿಗೆ ಕೂರಲು ಜಾಗ ಸಿಗುವುದುಂಟೇ? ಅದಕ್ಕೇ ರತ್ನಾವತಿ ಪಕ್ಕದಲ್ಲಿ ಪರ್ಸ್ ಇಟ್ಟು ಜಾಗ ಹಿಡಿಯುತ್ತಿದ್ದಳು. "ಕೋಯೀ ಆ ರಹಾ ಹೈ", ಯಾರೋ ಬರುವವರಿದ್ದಾರೆ ಎನ್ನುತ್ತ ಅವಳು ತಿಂದ ಬೈಗುಳ ಒಂದೆರಡಲ್ಲ.

ಗಾಡಿ ತುಂಬಿಕೊಂಡೇ ಬಂದ ದಿನ ಇನ್ನೊಂದು ಉಪಾಯ. ಕೂತವರನ್ನು ಒಬ್ಬೊಬ್ಬರಾಗಿ ಕೇಳುವುದು: "ಕುಠೇ ಉತರಣಾರ್?" ನಿಮಗೆ ಎಲ್ಲಿ ಇಳಿಯಬೇಕು? ಘಾಟ್ಕೋಪರ್ ಎಂದವಳ ಮುಂದೆ ನಿಂತುಬಿಟ್ಟರೆ ಘಾಟ್ಕೋಪರಿನಲ್ಲಿ ಆ ಜಾಗ ನಿಮ್ಮದು. ಯಾರೂ ಬರೆದಿಡದ ಈ ಕಾನೂನನ್ನು ಯಾರೂ ಮುರಿಯುವುದಿಲ್ಲ.

ಆ ಡಬ್ಬಿಯಲ್ಲಿ ಅವರು ಬಟಾಣಿ ಸುಲಿದದ್ದುಂಟು, ನವರಾತ್ರಿಗೆ ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟದ್ದುಂಟು. ಮಗಳು ಮಾನಸಿ ಹೊಟ್ಟೆಯಲ್ಲಿದ್ದಾಗ ಮುಲುಂಡ್ ದಾಟುವಷ್ಟರಲ್ಲಿ ಜಾನಕಿಗೆ ಹೂ ಮುಡಿಸಿ, ಮಡಿಲು ತುಂಬಿ, ಸೀಮಂತವನ್ನೇ ಮಾಡಿ ಮುಗಿಸಿದ್ದರು. ಅಲ್ಲೇ ಒಂದು ದಿನ ಜಾನಕಿ ಯಾವುದೋ ಟೂರ್ ಕಂಪನಿಯ ಬಣ್ಣದ ಕಾಗದ ಬಿಡಿಸಿ, "ರಿಟೈರ್ ಆದ್ಮೇಲೆ ನಾವಿಬ್ರೂ ಅಮೆರಿಕ ನೋಡ್ಬೇಕು ಕಣೇ" ಎಂದದ್ದು. ಆಮೇಲೆ ವರ್ಷಗಟ್ಟಲೆ ಅದೇ ಧ್ಯಾನ.

ರಿಟೈರ್ ಆದರು, ವೀಸಾನೂ ಬಂತು. ಹೊರಡಲು ಇನ್ನೇನು ಎನ್ನುವಾಗ ಜಾನಕಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯ ಮಂಚದಿಂದಲೇ "ನೀನು ಹೋಗೇ" ಎಂದಳು. "ನೀನಿಲ್ಲದೆ ನಾನು ಎಂತ ಹೋಗುದು ಮಾರಾಯ್ತಿ?" "ಹೋಗು ಅಂದ್ನಲ್ಲಾ." ರತ್ನಾವತಿ ಹೋದಳು. ಅಷ್ಟೇ, ಅಂದಿನಿಂದ ಜಾನಕಿ ಫೋನ್ ಎತ್ತಿಲ್ಲ. ಹೋಗು ಎಂದವಳು ಇವಳು ಹೋಗಲಾರಳೆಂದೇ ಎಣಿಸಿದ್ದಳೋ ಏನೋ! ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಇಟ್ಟುಕೊಂಡರೆ ಪಾಪ, ಎದುರಿಗಿದ್ದವರಿಗೆ ತಿಳಿಯುವುದಾದರೂ ಹೇಗೆ?

ಘಣಸೋಲಿಯಲ್ಲಿ ಬಾಗಿಲು ತೆರೆದವಳು ಮಾನಸಿ. ಪಕ್ಕದ ಮಹಾಪೆಯ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಅಮ್ಮ ಬಿದ್ದಾಗಿನಿಂದ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ. ಒಳಗೆ ಜಾನಕಿ ಸೋಫಾದ ಉದ್ದಕ್ಕೂ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ವಾಕರ್.

"ಬನ್ನಿ ರತ್ನಾವತಿಯವರೇ, ಕೂತ್ಕೊಳ್ಳಿ" ಎಂದಳು.

ಬನ್ನಿಯಂತೆ! ರತ್ನಾವತಿಯವರೇ ಅಂತೆ! ಕೆನ್ನೆಗೆ ಎರಡು ಬಿಟ್ಟಿದ್ದರೂ ರತ್ನಾವತಿಗೆ ಇಷ್ಟು ನೋಯುತ್ತಿರಲಿಲ್ಲ. ಎದುರಿನ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಳು. ಚಾಕಲೇಟು ಟೀಪಾಯಿಯ ಮೇಲೇ ಉಳಿಯಿತು.

"ಚೆನ್ನಾಗಿತ್ತಾ ನಿಮ್ಮ ಅಮೆರಿಕ?"

"ಚೆಂದ ಉಂಟು" ಎಂದು ರತ್ನಾವತಿ ಶುರು ಮಾಡಿದಳು. ನ್ಯೂಯಾರ್ಕಿನಲ್ಲಿ ಕಟ್ಟಡದ ತುದಿ ನೋಡಲು ಹೋಗಿ ಕತ್ತು ಹಿಡಿದುಕೊಂಡದ್ದು, ವಾಷಿಂಗ್ಟನ್ನಿನ ರಸ್ತೆಗಳು ನಮ್ಮಲ್ಲಿ ಬಂದ್ ದಿನ ಇರುವಂತೆ ಖಾಲಿ ಇದ್ದದ್ದು, ಎಲ್ಲಿ ನೀರು ಕೇಳಿದರೂ ಲೋಟದ ತುಂಬ ಮಂಜುಗಡ್ಡೆ ಕೊಟ್ಟು ಹಲ್ಲು ಜುಮ್ಮೆನಿಸಿದ್ದು. ಲಾಸ್ ವೇಗಾಸಿನಲ್ಲಿ ದೀಪವೋ ದೀಪ. ಕಣ್ಣು ಮುಚ್ಚಿದರೂ ಒಳಗೆ ಹೊತ್ತಿಕೊಂಡಿರುತ್ತಿದ್ದವು.

"ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಟ್ರಾಮ್ ಉಂಟು. ಅದರ ಹೊರಗೆ ಕಂಬ ಹಿಡ್ಕೊಂಡು ನೇತಾಡ್ಲಿಕ್ಕೆ ಜನ ಕ್ಯೂ ನಿಲ್ತಾರೆ! ನಾವು ಆಯುಷ್ಯ ಇಡೀ ನೇತಾಡಿದ್ದೇವೆ, ಯಾರೂ ಬಂದು ಫೋಟೋ ತೆಗೀಲಿಲ್ಲ."

ಜಾನಕಿ ನಗಲಿಲ್ಲ. "ಹೌದಾ" ಎಂದು ಕಿಟಕಿಯತ್ತ ತಿರುಗಿದಳು. ಇಬ್ಬರೂ ಸೇರಿ ಕನಸು ಕಂಡ ಊರುಗಳನ್ನು ಒಬ್ಬಳೇ ವರ್ಣಿಸುತ್ತ ಹೋದಂತೆ ರತ್ನಾವತಿಗೆ ತನ್ನ ಮಾತೇ ಹೇಸಿಗೆಯಾಯಿತು. ಫೋಟೋ ತೋರಿಸಲೆಂದು ತೆಗೆದ ಮೊಬೈಲನ್ನು ಮತ್ತೆ ಚೀಲಕ್ಕೆ ಹಾಕಿದಳು.

ಚಹಾ ತಂದ ಮಾನಸಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಹಿಂದಿ. "ಆಂಟಿ, ವಹಾಂ ಲೇಡೀಸ್ ಡಬ್ಬಾ ಹೋತಾ ಹೈ ಕ್ಯಾ?"

"ಎಲ್ಲಿಯ ಲೇಡೀಸ್ ಡಬ್ಬಿ ಮಗಾ! ಆ ಗಾಡಿಯಲ್ಲಿ ಒಬ್ಬರೂ ಪಿಟ್ಟೆನ್ನುದಿಲ್ಲ. ಶಿಕಾಗೋದಲ್ಲಿ ನನ್ನ ಮಾನ ಹೋದದ್ದೇ ಅಲ್ಲಿ." ಹೇಳಬಾರದೆಂದುಕೊಂಡಿದ್ದ ಮಾತು ಹೊರಗೆ ಬಿದ್ದಾಗಿತ್ತು. "ನಿಂತಿದ್ದೆ. ಎದುರಿಗೆ ಒಬ್ಬಳು ಬಿಳಿಕೂದಲಿನ ಹೆಂಗಸು, ಪಕ್ಕದ ಸೀಟಲ್ಲಿ ಅವಳ ಚೀಲ. ನನಗೆ ಅಭ್ಯಾಸಬಲ ನೋಡು, ಬಗ್ಗಿ ಕೇಳಿಯೇ ಬಿಟ್ಟೆ, ವೇರ್ ಯು ವಿಲ್ ಗೆಟ್ ಡೌನ್ ಅಂತ."

ಜಾನಕಿಯ ಮುಖ ಕಿಟಕಿಯಿಂದ ಇತ್ತ ತಿರುಗಿತು.

"ಅವಳು ನನ್ನನ್ನು ಅಡಿಯಿಂದ ಮುಡಿತನಕ ನೋಡಿದಳು. ಕಳ್ಳಿ ಅಂತ ಎಣಿಸಿದಳೋ ಏನೋ, ಚೀಲ ಎದೆಗೆ ಒತ್ತಿಕೊಂಡು ಆ ಕಡೆಯ ಬಾಗಿಲಿಗೆ ಓಡಿದಳು! ಎರಡೂ ಸೀಟು ಖಾಲಿ. ಕಿಟಕಿ ಬದಿಗೆ ನಾನು ಕೂತೆ. ಕಲ್ಯಾಣದ ರಘುಪತಿಯವರು ನಮ್ಮ ಟೂರಿನಲ್ಲೇ ಇದ್ದರು. ಪಾಪ, ಕಾಲುನೋವು, ಕೂರ್ಲಿಕ್ಕೆ ಬಂದರು. ನೋಡ್ತೇನೆ, ಪಕ್ಕದ ಸೀಟಲ್ಲಿ ನನ್ನ ಪರ್ಸ್ ಉಂಟು. ಯಾವಾಗ ಇಟ್ಟೆನೋ ದೇವರಾಣೆ ಗೊತ್ತಿಲ್ಲ. 'ಕೋಯೀ ಆ ರಹಾ ಹೈ' ಅಂದೆ."

"ಯಾರು?" ಎಂದಳು ಜಾನಕಿ, ಮೆಲ್ಲಗೆ.

"ಅವರೂ ಅದನ್ನೇ ಕೇಳಿದ್ದು, ಯಾರು ಅಂತ. ಎಂತ ಹೇಳುದು ನಾನು? ಠಾಣೆಯಲ್ಲಿ ಹತ್ತುವವಳು ಒಬ್ಬಳು ಇದ್ದಾಳೆ ಅಂತ ಹೇಳುದಾ? ಇಳಿಯುವತನಕ ಪರ್ಸ್ ತೆಗೀಲಿಲ್ಲ ಮಾರಾಯ್ತಿ. ಅವರು ನಿಂತೇ ಬಂದರು. ನಾನು ಕಿಟಕಿಗೆ ಮುಖ ಕೊಟ್ಟು ಅತ್ತೆ. ಶಿಕಾಗೋ ಹೇಗುಂಟು ಅಂತ ಕೇಳಿದರೆ ನನಗೆ ಗೊತ್ತಿಲ್ಲ."

ಜಾನಕಿಯ ಹೊಟ್ಟೆ ನಗುವಿನಿಂದ ಕುಲುಕಿತು. "ಅಲ್ಲ ಕಣೇ, ಅಮೆರಿಕದವಳನ್ನೇ ಎಬ್ಬಿಸಿ ಓಡಿಸಿಬಿಟ್ಯಲ್ಲೇ!" ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ಸುರಿಯತೊಡಗಿತು. "ಹೋಗು ಅಂದೆ ಅಂತ ಹೋಗೇಬಿಡೋದಾ ನೀನು?"

"ತಪ್ಪಾಯ್ತು."

"ತಪ್ಪಂತೆ, ತಪ್ಪು! ಫೋನ್ ಎತ್ತದೇ ಕೂತಿದ್ದೋಳು ನಾನು." ಜಾನಕಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಕಣೇ ಎಂದಳಲ್ಲ! ರತ್ನಾವತಿ ಕುರ್ಚಿಯಿಂದ ಎದ್ದು ಸೋಫಾದ ಮುಂದೆ ಬಂದು ನಿಂತಳು. ಕೂರಲು ಜಾಗವಿರಲಿಲ್ಲ. ಅಳುಕುತ್ತಲೇ ಕೇಳಿದಳು, "ನಿಮಗೆ ಎಲ್ಲಿ ಇಳಿಯಬೇಕು?"

ಜಾನಕಿ ನೋಯುವ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟು, ಮೆಲ್ಲಗೆ ಒಂದು ಪಕ್ಕಕ್ಕೆ ಸರಿದಳು.

"ವಿ.ಟಿ." ಎಂದಳು. "ಅಲ್ಲೀವರೆಗೂ ನಿಂತೇ ಇರ್ತೀಯಾ? ಬಾ, ಕೂತ್ಕೋ."