ಅಣ್ಣನ ನೀಲಿ

ನಮ್ಮ ಕಾರ್ಖಾನೆ ಎಂದರೆ ಒಂದೇ ಉದ್ದನೆಯ ಕೋಣೆ. ಈ ತುದಿಗೆ ಅಮ್ಮ ಮಡಕೆ ಮಾಡುವ ತಿಗರಿ, ಆ ತುದಿಗೆ ಅತ್ತಿಗೆಯ ಗಾಜಿನ ಕುಲುಮೆ, ನಡುವೆ ನಾನು. ಗಾಳಿಗೆ ಹಸಿ ಮಡಕೆ ಬಿರಿಯುತ್ತದೆ, ಕಿಟಕಿ ಮುಚ್ಚು ಎಂದು ಅಮ್ಮ. ಸೆಕೆಗೆ ಜೀವ ಹೋಗುತ್ತಿದೆ, ತೆಗಿ ಎಂದು ಅತ್ತಿಗೆ. ಅಣ್ಣ ಇದ್ದಾಗ ಅವಳಿಗೂ ಹೂಂ, ಇವಳಿಗೂ ಹೂಂ ಎನ್ನುತ್ತಾ ಹೇಗೋ ಸಂಭಾಳಿಸುತ್ತಿದ್ದ. ಅವನು ಹೋದ ಮೇಲೆ ಆ ಪಾಡು ನನ್ನ ತಲೆಗೆ ಬಂತು. ಸರಕು ಕಟ್ಟಿ ಕಳಿಸುವುದು ನನ್ನ ಕೆಲಸ. ಕಿಟಕಿಯನ್ನು ಅರ್ಧ ತೆಗೆದಿಡುವುದೂ ನನ್ನದೇ.

ಇಬ್ಬರೂ ಸೇರಿ ಮಾಡುವುದು ಒಂದೇ ವಸ್ತು. ಅಮ್ಮ ಮಣ್ಣಿನ ಹೂಜಿ ಮಾಡಿ, ಅದರ ಮೈಯಲ್ಲಿ ಬೆರಳಗಲದ ಕಿಂಡಿಗಳನ್ನು ಕೊರೆದು ಸುಡುತ್ತಾಳೆ. ಸುಟ್ಟದ್ದನ್ನು ಮತ್ತೆ ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ನಿಲ್ಲುತ್ತಾಳೆ. ಅತ್ತಿಗೆ ಕೊಳವೆಯ ತುದಿಯ ಕರಗಿದ ಗಾಜನ್ನು ಅದರ ಬಾಯಿಗಿಳಿಸಿ ಊದುತ್ತಾಳೆ. ಗಾಜು ಒಳಗೆಲ್ಲ ಹಬ್ಬಿ, ಕಿಂಡಿಗಳಿಂದ ಗುಳ್ಳೆಗುಳ್ಳೆಯಾಗಿ ಹೊರಗಿಣುಕುತ್ತದೆ. ಆಮೇಲೆ ಬಿಸಿ ಪೆಟ್ಟಿಗೆಯಲ್ಲಿಟ್ಟು ನಿಧಾನವಾಗಿ ಆರಿಸಬೇಕು. ಮಣ್ಣೂ ಗಾಜೂ ಆರುವಾಗ ಕುಗ್ಗುತ್ತವೆ. ಒಂದು ಹೆಚ್ಚು, ಇನ್ನೊಂದು ಕಡಿಮೆ ಕುಗ್ಗಿತೋ, ಹೂಜಿ ಟಪ್ಪೆಂದು ಒಡೆಯುತ್ತದೆ. ಗಾಜಿಗೆ ಹೊಂದುವ ಮಣ್ಣಿನ ಹದ ಅಮ್ಮನ ಕೈಗೆ ಸಿಗುವಷ್ಟರಲ್ಲಿ ಎಷ್ಟು ಹೂಜಿ ಒಡೆದವೋ, ಅತ್ತೆ ಸೊಸೆ ಎಷ್ಟು ಸಲ ಮಾತು ಬಿಟ್ಟರೋ, ಲೆಕ್ಕ ಇಟ್ಟವರಿಲ್ಲ.

ಗಾಜಿಗೆ ಬಣ್ಣ ಕಟ್ಟುತ್ತಿದ್ದವನು ಅಣ್ಣ. ಅವನ ನೀಲಿಗೆ ಇನ್ನೊಂದು ಸಾಟಿ ಇರಲಿಲ್ಲ. ನೆರಳಲ್ಲಿಟ್ಟರೆ ಕಪ್ಪು, ಬೆಳಕಿಗೆ ಹಿಡಿದರೆ ದೀಪ ಹಚ್ಚುವ ಹೊತ್ತಿನ ಆಕಾಶ. ಏನು ಹಾಕುತ್ತಿದ್ದ, ಎಷ್ಟು ಹಾಕುತ್ತಿದ್ದ, ನಮಗ್ಯಾರಿಗೂ ಗೊತ್ತಿಲ್ಲ. ಅವನು ಮುಚ್ಚಿಟ್ಟನೆಂದಲ್ಲ, ಕೇಳಿದರಾಯಿತು ಎಂದು ನಾವೇ ಸುಮ್ಮನಿದ್ದೆವು. ಜ್ವರವೆಂದು ಮಲಗಿದವನು ಏಳಲೇ ಇಲ್ಲ. ಉಳಿದದ್ದು ಅವನು ಕರಗಿಸಿ, ಆರಿಸಿ, ಒಡೆದಿಟ್ಟ ನೀಲಿ ಗಾಜಿನ ಚೂರುಗಳು, ಒಂದು ದೊಡ್ಡ ತಗಡಿನ ಡಬ್ಬಿಯ ತುಂಬ. ಅತ್ತಿಗೆ ಪ್ರತಿ ಹೂಜಿಗೂ ಅದರಿಂದ ಬೊಗಸೆಯಷ್ಟು ತೆಗೆದು ಮೂಸೆಯಲ್ಲಿ ಕರಗಿಸುತ್ತಿದ್ದಳು. ಅಮ್ಮ ತಿಗರಿ ಬಿಟ್ಟು ಎದ್ದುಬಂದು ಡಬ್ಬಿಯೊಳಗೆ ಇಣುಕುತ್ತಿದ್ದಳು.

"ಇಷ್ಟೊಂದು ಯಾಕೆ ಹಾಕ್ತೀಯಾ? ಸ್ವಲ್ಪ ಕೈ ಬಿಗಿ ಹಿಡಿ."

"ಅವರು ಇದನ್ನ ಮಾಡಿದ್ದು ಡಬ್ಬೀಲಿ ಇಡೋಕಲ್ಲ, ಅತ್ತೆ."

ಹೀಗೆಯೇ ನಡೆಯುತ್ತಿದ್ದಾಗ ಹೂಜಿಗಳು ಒಡೆಯತೊಡಗಿದವು. ಮೊದಲನೆಯದು ಆರಿಸುವ ಪೆಟ್ಟಿಗೆಯೊಳಗೇ ಸೀಳಿತು. ಇನ್ನೊಂದು ಚೆನ್ನಾಗಿಯೇ ಹೊರಬಂದು, ವಾರ ಕಳೆದ ಮೇಲೆ, ನಾನು ಹುಲ್ಲು ಸುತ್ತುತ್ತಿದ್ದಾಗ ಕೈಯಲ್ಲೇ ಬಿರಿಯಿತು. ನಾನು ಬೀಳಿಸಿರಲಿಲ್ಲ, ಒತ್ತಿರಲಿಲ್ಲ. ಆಮೇಲೆ ಇನ್ನೊಂದು, ಮತ್ತೊಂದು.

ಅಮ್ಮ ತನ್ನ ಮಣ್ಣನ್ನೇ ಅನುಮಾನಿಸಿ ಮತ್ತೆ ಜಾಲಿಸಿದಳು. ಅತ್ತಿಗೆ ತನ್ನ ಉಸಿರನ್ನೇ ಅನುಮಾನಿಸಿದಳು. ಬೆಂಕಿ ಹೆಚ್ಚಿಸಿದಳು, ಇಳಿಸಿದಳು, ಆರಿಸುವ ಹೊತ್ತು ಹಿಗ್ಗಿಸಿದಳು. ಊಟಕ್ಕೆ ಕೂತರೆ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕುಲುಮೆ ಆರಿಸಿದ್ದಳು. ಅಣ್ಣ ಸತ್ತ ದಿನವೂ ಆರದ ಕುಲುಮೆ ಅದು.

"ಅವರು ಬಿಟ್ಟುಹೋದ ಬಣ್ಣಾನ ನಾನೇ ಕೈಯಾರೆ ಹಾಳು ಮಾಡ್ತಿದೀನಿ," ಎಂದಳು. "ಇನ್ನು ಕೊಳವೆ ಮುಟ್ಟಲ್ಲ. ಎಲ್ಲಾದ್ರೂ ಅಂಗಡೀಲಿ ಕೆಲಸ ಕೇಳ್ತೀನಿ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕಸ ಗುಡಿಸುತ್ತೇನೆ. ನಮ್ಮ ಮನೆ ಚೊಕ್ಕಟವಾಗಿರಲು ಅದೇ ಕಾರಣ. ಗುಡಿಸುತ್ತಾ ನೀಲಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಲು ಹೋದರೆ ಅದು ಜಗ್ಗಲಿಲ್ಲ. ಇಷ್ಟು ದಿನ ಬಾಚಿ ಬಾಚಿ ಹಾಕಿಯೂ ಡಬ್ಬಿ ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ. ಮುಚ್ಚಳ ತೆಗೆದು ಕೈಯಾಡಿಸಿದೆ. ಅಡಿಯಲ್ಲಿ ಒಂದು ನೀಲಿ ಬಾಟಲಿಯ ಕತ್ತು ಸಿಕ್ಕಿತು, ಮುಚ್ಚಳ ತಿರುಗಿಸುವ ಸುತ್ತುಗೀರುಗಳ ಸಮೇತ.

ಅಣ್ಣನದಲ್ಲದ ಆ ಗಾಜನ್ನು ಹಿಡಿದು, ಡಬ್ಬಿಯೊಳಗೆ ಸದಾ ಇಣುಕುತ್ತಿದ್ದ ಅಮ್ಮನ ಹತ್ತಿರ ಹೋದೆ. ಗುಟ್ಟು ರಟ್ಟಾಯಿತೆಂಬ ಗಾಬರಿಯೇ ಅವಳಿಗಿರಲಿಲ್ಲ, ಹೆಮ್ಮೆಯೇ ಇತ್ತು.

"ಹೂಂ, ನಾನೇ ಹಾಕಿದ್ದು. ಗುಜರಿ ಅಂಗಡೀಲಿ ಕೂತು ಆರಿಸಿದೀನಿ. ಎಂಥೆಂಥದೋ ತಂದಿಲ್ಲ, ಬಣ್ಣ ಹೊಂದಿಸಿ ಹೊಂದಿಸಿ ತಂದಿದೀನಿ."

"ಯಾಕಮ್ಮಾ?"

"ಯಾಕೆ ಅಂದ್ರೆ? ಈ ಮಣ್ಣು ನೋಡು. ನಮ್ಮಪ್ಪ ತುಳಿದ ಮಣ್ಣು ಇದರಲ್ಲಿದೆ. ಹಳೇದು ಒಂದು ಮುದ್ದೆ ಉಳಿಸ್ಕೊಂಡು ಹೊಸದಕ್ಕೆ ಕಲಸ್ತೀವಿ, ಅದು ಹೊಸದನ್ನ ತನ್ನ ಹಾಗೇ ಮಾಡ್ಕೊಳತ್ತೆ. ಎಂದಾದ್ರೂ ಮುಗಿದಿದ್ಯಾ? ನನ್ನ ಮಗಂದು ಮಾತ್ರ ಯಾಕೆ ಮುಗೀಬೇಕು?"

ತಿರುಗಿ ನೋಡಿದರೆ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ, ತಪ್ಪು ತನ್ನ ಕೈಯದಲ್ಲವೆಂದು. ಅದರ ಹಿಂದೆಯೇ ಸಿಟ್ಟು. ಇವಳು ಕೂಗಾಡಿದರೆ ಅಮ್ಮ ಉಳಿಯುವುದಿಲ್ಲ, ಸುಮ್ಮನಿದ್ದರೆ ಇವಳು ಉಳಿಯುವುದಿಲ್ಲ ಎನ್ನಿಸಿ, ದೇವರೇ, ಏನಾದರೂ ಸುಳ್ಳು ಹೇಳಲಿ ಎಂದುಕೊಂಡೆ. ಅತ್ತಿಗೆ ಸುಳ್ಳು ಹೇಳುವವಳಲ್ಲ.

"ಗಾಜು ಮಣ್ಣಿನ ಹಾಗಲ್ಲ, ಅತ್ತೆ. ಎರಡು ಗಾಜು ಒಟ್ಟಿಗೇ ಕರಗತ್ವೆ, ಆದ್ರೆ ಆರುವಾಗ ಒಂದೊಂದು ಒಂದೊಂದು ಥರ ಕುಗ್ಗತ್ತೆ. ಹೊರಗೆ ಏನೂ ಕಾಣಲ್ಲ. ಒಳಗೊಳಗೇ ಎಳೆದಾಡಿ ಒಡೆದುಹೋಗತ್ತೆ."

"ಹಾಗಾದ್ರೆ ಒಡೆದಿದ್ದೆಲ್ಲ..."

"ಹೌದು."

ತಿಗರಿ ತಾನಾಗಿಯೇ ನಿಧಾನವಾಗಿ ನಿಂತಿತು. ಅಮ್ಮನ ಬೆರಳುಗಳು ಹಸಿ ಹೂಜಿಯೊಳಗೇ ಇದ್ದವು. ಅದು ಒಂದು ಕಡೆಗೆ ಕುಸಿಯಿತು. "ಎಲ್ಲಾ ಹಾಳು ಮಾಡ್ಬಿಟ್ನಾ ನಾನು?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅಮ್ಮ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಅವಳ ಮೇಲೆ ಬಂದಿದ್ದ ಕೋಪವೆಲ್ಲ ಇಳಿದುಹೋಯಿತು.

ಮರುದಿನ ಅವಳು ಚೂರುಗಳನ್ನೆಲ್ಲ ಕಿಟಕಿಯ ಕೆಳಗೆ ಸುರಿದುಕೊಂಡು ಕೂತಳು. "ನನ್ನ ಮಗನ ಕೈಯದು ನನಗೆ ಗೊತ್ತಾಗಲ್ವಾ?" ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ಎರಡು ಗುಡ್ಡೆ ಮಾಡುತ್ತಿದ್ದಳು. ಈ ಗುಡ್ಡೆಗೆ ಹಾಕಿದ್ದನ್ನು ಆಮೇಲೆ ಆ ಗುಡ್ಡೆಗೆ ಹಾಕುವಳು, ಮತ್ತೆ ವಾಪಸ್ಸು. ಗೊತ್ತಾಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಹೊಂದಿಸಿ ತಂದಿದ್ದಳು. ಬೆರಳು ಕುಯ್ದುಕೊಂಡು ರಕ್ತ ಬಂದರೂ ಏಳಲಿಲ್ಲ.

ಅತ್ತಿಗೆ ದೂರದಿಂದ ನೋಡುತ್ತಿದ್ದಳು. ಮುಖ ಊದಿಸಿಕೊಂಡೇ ಇದ್ದಳು. ಕೊನೆಗೆ ಬಂದು ಎದುರಿಗೆ ಕೂತಳು.

"ಕಣ್ಣಿಗೆ ಗೊತ್ತಾಗಲ್ಲ, ಅತ್ತೆ. ಬೆಂಕಿಗೆ ಗೊತ್ತಾಗತ್ತೆ. ಎರಡು ಚೂರು ಒಂದರ ಪಕ್ಕ ಒಂದು ಅಂಟಿಸಿ, ಕಾಯಿಸಿ, ದಾರದ ಹಾಗೆ ಎಳೀಬೇಕು. ಎರಡೂ ಒಂದೇ ಗಾಜಾದ್ರೆ ದಾರ ನೆಟ್ಟಗಿರತ್ತೆ. ಬೇರೆ ಬೇರೆ ಆದ್ರೆ ಬಾಗತ್ತೆ."

"ಹಾಗಾದ್ರೆ ಮಾಡು!"

"ಮಾಡೋಕೆ ಒಂದು ಗಾಜಾದ್ರೂ ಖಂಡಿತ ಅವರದೇ ಅಂತ ಗೊತ್ತಿರಬೇಕಲ್ಲ. ಪ್ರತಿ ಸಲಾನೂ ಅದರಿಂದ ಒಂದು ಚೂರು ಖರ್ಚಾಗತ್ತೆ."

ಚೆನ್ನಾಗಿದ್ದ ಹಳೆಯ ಹೂಜಿಗಳೆಲ್ಲ ಮಾರಿಹೋಗಿದ್ದವು. ಅಣ್ಣನದೇ ಎಂದು ಖಂಡಿತವಾಗಿ ಹೇಳಬಹುದಾದದ್ದು ಇಡೀ ಮನೆಯಲ್ಲಿ ಒಂದೇ ಇತ್ತು: ಅಮ್ಮ ನೀರು ಕುಡಿಯುವ ಲೋಟ. ಅವನ ಮೊದಲ ನೀಲಿ. ಒಂದು ಕಡೆ ವಾಲಿದ, ಬುಡ ದಪ್ಪನೆಯ ಲೋಟ. ಇದಕ್ಕೇನು ಸೊಂಟ ಉಳುಕಿದೆಯಾ ಎಂದು ನಾನು ಎಷ್ಟೋ ಸಲ ನಗಾಡಿದ್ದೆ. ಮೂವರೂ ಅದರ ಕಡೆ ನೋಡಿದೆವು, ಮೂವರೂ ಕಣ್ಣು ತಿರುಗಿಸಿದೆವು.

"ಅದು ಬೇಡ, ಅತ್ತೆ. ಬೇರೆ ಏನಾದ್ರೂ ನೋಡೋಣ," ಎಂದಳು ಅತ್ತಿಗೆ.

ಅಮ್ಮ ಎದ್ದಳು. ಲೋಟದಲ್ಲಿದ್ದ ನೀರನ್ನು ಪೂರ್ತಿ ಕುಡಿದಳು. ಅದನ್ನು ಬಟ್ಟೆಯಲ್ಲಿ ಸುತ್ತಿ ನೆಲದ ಮೇಲಿಟ್ಟು, ಮಡಕೆ ತಟ್ಟುವ ಹಲಗೆಯಿಂದ ಒಂದೇ ಏಟು ಹಾಕಿದಳು. ಗಂಟನ್ನು ಸೊಸೆಯ ಮಡಿಲಿಗಿಟ್ಟು, "ಹಿಡಿ," ಎಂದಳು.

ಆಮೇಲಿನ ದಿನಗಳು ಇದರಲ್ಲೇ ಕಳೆದವು. ಅತ್ತಿಗೆ ಸಣ್ಣ ಉರಿಯಲ್ಲಿ ಲೋಟದ ಚೂರಿಗೆ ಡಬ್ಬಿಯ ಚೂರು ಅಂಟಿಸಿ ಕಾಯಿಸುವಳು. ಅಮ್ಮ ಚಿಮಟದಲ್ಲಿ ತುದಿ ಹಿಡಿದು ಎಳೆಯುವಳು. ಕೂದಲೆಳೆಯಷ್ಟು ತೆಳುವಾದ ದಾರ. ಮೇಜಿನ ಮೇಲಿಟ್ಟು ಕಾಯುವರು. ಬಾಗಿತು. ಇನ್ನೊಂದು, ಬಾಗಿತು. ಮೂರನೆಯದು ನೆಟ್ಟಗೆ ಮಲಗಿತ್ತು. ಅಮ್ಮ ಅದನ್ನು ಮುಟ್ಟಲಿಲ್ಲ. ದಾರಕ್ಕೆ ಕೊಟ್ಟು ಉಳಿದ ಆ ಡಬ್ಬಿಯ ಚೂರನ್ನು ಮಾತ್ರ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು. ಸಣ್ಣ ಪುಡಿಯನ್ನು ಪರೀಕ್ಷಿಸುವಂತಿರಲಿಲ್ಲ, ಅದೆಲ್ಲ ಕಸಕ್ಕೆ ಹೋಯಿತು. ಅಮ್ಮ ಹೊರಗಿನದನ್ನು ಬೆರೆಸದೆ ಸುಮ್ಮನಿದ್ದಿದ್ದರೆ ಇನ್ನೂ ಎಷ್ಟೋ ಹೂಜಿಗಾಗುತ್ತಿತ್ತು. ಕೊನೆಗೆ ಉಳಿದದ್ದು ಒಂದು ಹೂಜಿಗೆ ಸಾಕಾಗುವಷ್ಟು, ಅದೂ ಚಿಕ್ಕದಕ್ಕೆ.

ಆ ಹೂಜಿ ಒಡೆಯಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ನನಗೆ ನೆನಪಿರುವುದು ಅದಲ್ಲ.

ಕುಲುಮೆ ಮತ್ತೆ ಹೊತ್ತಿದ ದಿನ ಅತ್ತಿಗೆ ಚೂರುಗಳನ್ನು ಮೂಸೆಗೆ ಹಾಕಿ, ಒಂದು ಹಿಡಿಯನ್ನು ತಟ್ಟೆಯಲ್ಲೇ ಬಿಟ್ಟಳು. "ಇಷ್ಟು ನಿಮಗಿರಲಿ, ಅತ್ತೆ. ಹೂಜಿ ಇನ್ನೂ ಸ್ವಲ್ಪ ತೆಳ್ಳಗಾದ್ರೂ ಪರವಾಗಿಲ್ಲ."

ಅಮ್ಮ ತಟ್ಟೆಯನ್ನೇ ನೋಡುತ್ತಾ ನಿಂತಳು. ಅವಳು ಇಟ್ಟುಕೊಳ್ಳುತ್ತಾಳೆಂದೇ ನನಗೆ ಖಾತ್ರಿಯಿತ್ತು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಆದದ್ದು?

"ತೆಳ್ಳಗೆ ಯಾಕೆ ಮಾಡ್ತೀಯಾ?" ಎಂದಳು. "ಎಲ್ಲಾ ಹಾಕು. ಒಂದು ಚೂರೂ ಉಳಿಸ್ಬೇಡ." ತಾನೇ ತಟ್ಟೆ ಎತ್ತಿ ಮೂಸೆಗೆ ಸುರಿದಳು. ತಟ್ಟೆಯ ಬೆನ್ನಿಗೆ ಎರಡು ಸಲ ತಟ್ಟಿ, ಅಂಟಿದ್ದ ಪುಡಿಯನ್ನೂ ಉದುರಿಸಿದಳು.

ಗಾಜು ಹದಕ್ಕೆ ಬಂತು. ಅಮ್ಮ ಕೆಂಪಗೆ ಕಾದ ಹೂಜಿಯನ್ನು ಇಕ್ಕಳದಲ್ಲಿ ಹಿಡಿದು ನಿಂತಳು, ಅತ್ತಿಗೆ ಕೊಳವೆ ಇಳಿಸಿ ಊದತೊಡಗಿದಳು. ಕಿಂಡಿಗಳಿಂದ ಅಣ್ಣನ ನೀಲಿ ಒಂದೊಂದಾಗಿ ಉಬ್ಬಿ ಹೊರಗೆ ಬಂತು. ಅಮ್ಮ ಅತ್ತಳು. ಇಕ್ಕಳ ಅಲ್ಲಾಡದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳಲೂ ಆಗದೆ, ದನಿಯೆತ್ತಿ ಅತ್ತಳು. ಅತ್ತಿಗೆಯ ಬಾಯಲ್ಲಿ ಕೊಳವೆಯಿತ್ತು, ಉಸಿರು ತಪ್ಪುವಂತಿರಲಿಲ್ಲ. ಅವಳ ಪಾಲಿನದನ್ನೂ ಅಮ್ಮನೇ ಅತ್ತಳು.