ಬಾಯಿ ಮುಚ್ಚಿಸಿಕೊಂಡ ತೇಪೆ

ನಾನು ಒಂದು ತೇಪೆ. ಬಟ್ಟೆಯದಲ್ಲ, ಹತ್ತು ಸಾಲಿನ ಕೋಡು. ಸಾಫ್ಟ್‌ವೇರನ್ನು ಕಂಪ್ಯೂಟರಿನಲ್ಲಿ ಓಡುವಂತೆ ಕಟ್ಟಿಕೊಡುವ ಬಿಲ್ಡ್ ಟೂಲೊಂದರಲ್ಲಿ ಹುಟ್ಟಿದೆ. ಹೊಸ ಸಾಫ್ಟ್‌ವೇರು ಅರಗದ ಹಳೆಯ ಕಂಪ್ಯೂಟರುಗಳಿಗೆ ಅಡ್ಡದಾರಿ ಮಾಡಿಕೊಡುವುದು ನನ್ನ ಕೆಲಸ. ನನ್ನನ್ನು ಬರೆದ ಸವಿತಾ ಕಡಕೋಳ ನನ್ನ ತಲೆಯ ಮೇಲೆ ‘ತಾತ್ಕಾಲಿಕ’ ಎಂದು ಬರೆದಳು. ಹೆತ್ತವಳೇ ಇಂಥ ಹಣೆಬರಹ ಬರೆದರೆ ಯಾರಿಗೆ ದೂರುವುದು? ಆದರೂ ವರ್ಷಗಟ್ಟಲೆ ದುಡಿದೆ.

ಸವಿತಾ ಬೇರೆ ಕೆಲಸಕ್ಕೆ ಹೋದ ಮೇಲೆ ನಿತಿನ್ ಬಂಗೇರನ ಕೈಗೆ ಬಿದ್ದೆ. ಅವನಿಗೆ ನನ್ನನ್ನು ಕಂಡರಾಗದು.

“ಈ ಓಬೀರಾಯನ ಕಾಲದ ಕಂಪ್ಯೂಟರು ಯಾರತ್ರ ಉಂಟು ಮಾರಾಯ್ರೆ? ಈ ತೇಪೆ ತೆಗ್ದು ಬಿಸಾಡುವ.”

ಈ ಟೂಲಿನವರಲ್ಲೊಂದು ಪದ್ಧತಿಯಿದೆ. ತೆಗೆಯುವ ಮೊದಲು ಒಂದು ವರ್ಷ ಎಚ್ಚರಿಕೆ ಕೊಡಬೇಕು. ಯಾರೂ ತಕರಾರು ಮಾಡದಿದ್ದರೆ ಕತ್ತರಿ. ಆ ಎಚ್ಚರಿಕೆಯನ್ನೂ ನಿತಿನ್ ನನ್ನ ಕೈಲೇ ಕೊಡಿಸಿದ. “ನನ್ನನ್ನು ತೆಗೆಯಲಿದ್ದಾರೆ, ಬೇಕಿದ್ದರೆ ತಿಳಿಸಿ” ಎಂದು ಓಡಿದಾಗಲೆಲ್ಲ ಪರದೆಯ ಮೇಲೆ ನಾನೇ ಅರಚಬೇಕು. ನನಗೆ ನಾಚಿಕೆಯಾಗುತ್ತಿತ್ತು.

ಅಂಥದೊಂದು ಕಂಪ್ಯೂಟರು ಇದ್ದದ್ದು ಹಾವೇರಿ ಕಡೆಯ ಒಂದು ಅಂಧ ಮಕ್ಕಳ ಶಾಲೆಯಲ್ಲಿ, ಪುಸ್ತಕ ಮುದ್ರಿಸುವ ದಾವಲಸಾಬರ ಹತ್ತಿರ. ಬ್ರೈಲ್ ಚುಕ್ಕಿ ಒತ್ತುವ ಯಂತ್ರ ಆ ಹಳೆಯ ಕಂಪ್ಯೂಟರಿನ ಮಾತು ಬಿಟ್ಟು ಬೇರೆಯವರ ಮಾತು ಕೇಳದು. ಪ್ರತಿ ಬೇಸಿಗೆ ಹೊಸ ಪಠ್ಯ ಬಂದಾಗ ಅದಕ್ಕೆ ಬೇಕಾದ ಹೊಸ ಸಾಫ್ಟ್‌ವೇರನ್ನು ಅವರು ಕಟ್ಟಿಸುತ್ತಿದ್ದದ್ದು ನನ್ನಿಂದಲೇ. ಅಲ್ಲಿಯೂ ಗಂಟಲು ಹರಿಯುವಂತೆ ಅರಚಿದೆ.

“ಏನ್ ವದರ್ತೈತಪಾ ಇದು! ಕೆಲಸ ಆಗಾಕತ್ತೈತಲ್ಲ, ಸುಮ್ನಿರು” ಎಂದು ದಾವಲಸಾಬರು ಎಚ್ಚರಿಕೆಗಳನ್ನೆಲ್ಲ ಬಂದ್ ಮಾಡಿಬಿಟ್ಟರು. ಇಂಗ್ಲಿಷಿನಲ್ಲಿ ಬರುವ ಎಚ್ಚರಿಕೆಗೆ ಎಲ್ಲರೂ ಮಾಡುವುದು ಅಷ್ಟೇ.

ವರ್ಷ ತುಂಬಿತು. ಒಬ್ಬರೂ ಕೇಳಲಿಲ್ಲವೆಂದು ನಿತಿನ್ ನನ್ನನ್ನು ಅಳಿಸಿದ. ಜೊತೆಯವರು ಚಪ್ಪಾಳೆ ತಟ್ಟಿದರು. ಅಳಿಸಿದ ಕೋಡಿಗೆ ಸಾವೂ ಇಲ್ಲ. ಅವನ ಲ್ಯಾಪ್‌ಟಾಪಿನಲ್ಲೇ ಹಳೆಯ ಆವೃತ್ತಿಗಳ ಗುಜರಿಯಲ್ಲಿ ಬಿದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ನಿತಿನ್‌ಗೆ ಫೋನ್ ಬಂತು.

“ಸಾಹೇಬ್ರ, ದಾವಲಸಾಬ್ ಮಾತಾಡೋದ್ರಿ. ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಒತ್ತಬೇಕ್ರಿ. ನಿಮ್ಮ ಹೊಸಾ ಟೂಲು ನಮ್ಮ ಕಂಪ್ಯೂಟರ್‌ನ್ಯಾಗ ಏಳವಲ್ದು.”

“ಒಂದು ವರ್ಷ ಹೇಳಿದ್ದೇವಲ್ಲ? ಆಗ ಎಲ್ಲಿದ್ರಿ?”

“ಮತ್ತ ಹಾಕಾಕ ಬರಂಗಿಲ್ಲೇನ್ರಿ?”

“ಬರ್ತದೆ. ನಿಮ್ಮೊಬ್ರಿಗೋಸ್ಕರ ಯಾರು ಹಾಕ್ತಾರೆ?”

ಆ ವರ್ಷ ಗಣಿತ ಪುಸ್ತಕ ಬರಲಿಲ್ಲ. ಮೇಷ್ಟ್ರು ಪಾಠ ಓದಿ ಹೇಳಿದರಂತೆ. ಬೆರಳಿಗೆ ಸಿಗದ ತ್ರಿಕೋನವನ್ನು ಎಷ್ಟು ಓದಿ ಹೇಳಿದರೇನು? ಮಕ್ಕಳು ಸಾಲಾಗಿ ಫೇಲಾದರು. ಶಾಲೆಯವರು ಕಂಪ್ಯೂಟರನ್ನು ತೂಕಕ್ಕೆ ಹಾಕಿ, ದಾವಲಸಾಬರನ್ನು ಮನೆಗೆ ಕಳಿಸಿದರು. ಇಷ್ಟನ್ನೂ ಅವರೇ ಇನ್ನೊಮ್ಮೆ ಫೋನ್ ಮಾಡಿ ಹೇಳಿದರು. ನಿತಿನ್ “ಛೆ” ಎಂದ.

ನನ್ನನ್ನು ಅಳಿಸಿದ ಕಡೆ ಅವನು ಬರೆದ ಕಾರಣ ಇನ್ನೂ ಇದೆ: ‘ಇದನ್ನು ಬಳಸುವವರು ಯಾರೂ ಇಲ್ಲ.’ ಬರೆದ ದಿನ ಅದು ಸುಳ್ಳಾಗಿತ್ತು. ಈಗ ನಿಜ.