ಚಿತ್ರದ ಹಿಂದಿನ ಸಾಲು

ಗೋಡೆಯಾಚೆಯಿಂದ ಸೊಳ್ಳೆ ಗುಂಯ್‌ಗುಟ್ಟಿದಂಥ ಸದ್ದು ಕೇಳಿ ಸುಶೀಲಾಗೆ ಎಚ್ಚರವಾಯಿತು. ಮಗಳ ಲ್ಯಾಪ್‌ಟಾಪ್ ಇನ್ನೂ ಮಾತಾಡುತ್ತಿತ್ತು.

"ಪ್ರತೀಕ್ಷಾ, ಕತ್ತಲದಾಗ ಏನ್ ಮಾಡಾಕತ್ತಿ? ಲೈಟಾದ್ರೂ ಹಚ್ಕೋ."

"ಬಿಲ್ ನೀ ಕಟ್ಟತೀಯೇನವ್ವಾ?"

ಹುಟ್ಟಿನಿಂದ ಕಣ್ಣು ಕಾಣದ ಮಗಳಿಗೆ ತಾಯಿ ದಿನವೂ ಇದನ್ನೇ ಹೇಳುತ್ತಿದ್ದಳು. ಉತ್ತರವೂ ದಿನವೂ ಅದೇ. ಪ್ರತೀಕ್ಷಾ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಪರದೆಯ ಮೇಲಿನದನ್ನು ಓದಿ ಹೇಳುವ ದನಿ ಮತ್ತೆ ಶುರುವಾಯಿತು. ಬೆಳಗಾದರೆ ಅವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯ ಹೊಸ ವೆಬ್‌ಸೈಟ್ ಹೊರಬರಬೇಕು. ಕೊನೆಯ ಪರಿಶೀಲನೆ ಅವಳದೇ ಕೆಲಸ.

'ನಮ್ಮ ತಂಡ' ಪುಟಕ್ಕಾಗಿ ಮಧ್ಯಾಹ್ನ ಜಗಳವೇ ಆಗಿತ್ತು. ಉಳಿದವರ ಪರಿಚಯದಲ್ಲಿ ಓದು, ಹಿಂದಿನ ಕೆಲಸ. ಅವಳದರಲ್ಲಿ ಮಾತ್ರ, 'ಕತ್ತಲನ್ನು ಗೆದ್ದ ಧೀರೆ'.

"ಓದಿದೋರ ಮನಸ್ಸು ಕರಗಬೇಕಲ್ವೇನಮ್ಮ," ಎಂದಿದ್ದರು ನಿರ್ದೇಶಕ ನರಹರಿ. ಮೈಸೂರಿನವರು, ವಿಶಾಖಪಟ್ಟಣಕ್ಕೆ ಬಂದು ಬಹಳ ಕಾಲವಾಗಿತ್ತು.

"ಕರಗಾಕ ಅವರೇನ್ ಐಸ್‌ಕ್ರೀಮ್ ಏನ್ರಿ ಸರ್?"

ಪುಟ ಸಿದ್ಧಪಡಿಸಿದ್ದ ತೆಲುಗು ಹುಡುಗಿ ಅಕ್ಷಯಾ ಕಿಸಕ್ಕನೆ ನಕ್ಕಳು. "ಅಯ್ಯಬಾಬೋಯ್, ಮೇಡಂ ಗಾರು!"

"ಪಟಮಟ ಬಡಾವಣಿಯ ಬ್ಯಾಂಕಿನಾಗ ಒಂಬತ್ತು ವರ್ಷ ಟೆಲಿಫೋನ್ ಆಪರೇಟರ್ ಇದ್ದೆ. ಆಮ್ಯಾಲೆ ಅವರ ವೆಬ್‌ಸೈಟಿನ ತಪ್ಪು ಹುಡುಕಿದೆ. ಅದನ್ನ ಬರೀರಿ. ನಿಮ್ಮ ಪರಿಚಯದಾಗ ಕಣ್ಣಿನ ಸುದ್ದಿ ಐತೇನ್ರಿ? ನನ್ನದರಾಗೂ ಬ್ಯಾಡ. ಇಲ್ಲಾಂದ್ರ ನನ್ನ ಹೆಸರು ತಗೀರಿ."

ನರಹರಿಯವರ ಕುರ್ಚಿ ಕಿರುಗುಟ್ಟಿತು. "ಟೆಲಿಫೋನ್ ಆಪರೇಟರ್ ಅಂತ ಹಾಕಿದ್ರೆ ಚೆನ್ನಾಗಿರುತ್ತಾ?"

"ಸುಳ್ಳಂತೂ ಅಲ್ಲಲ್ರಿ."

"ಸರಿ ಬಿಡಮ್ಮ, ತೆಗೀತೀವಿ. ನೀವು ಬಹಳ ಸೂಕ್ಷ್ಮ."

ಈಗ ದನಿ ಹೊಸ ಪರಿಚಯವನ್ನು ಓದಿತು. ಪಟಮಟ ಇತ್ತು, ಒಂಬತ್ತು ವರ್ಷವೂ ಇತ್ತು. ಖುಷಿಗೆ ಇನ್ನೊಮ್ಮೆ ಕೇಳೋಣವೆಂದು ಅವಳು ಮೇಲಕ್ಕೆ ಹೋದಳು. ಅಲ್ಲಿ ಅವಳ ಚಿತ್ರವಿತ್ತು. ಚಿತ್ರದಲ್ಲಿ ಏನಿದೆಯೆಂದು ತಿಳಿಸಲು ಅದರ ಹಿಂದೆ ಒಂದು ಸಾಲು ಬರೆದಿರುತ್ತಾರೆ. ಕಣ್ಣಿದ್ದವರಿಗೆ ಅದು ಕಾಣುವುದಿಲ್ಲ, ದನಿ ಅದನ್ನೇ ಓದುತ್ತದೆ.

'ನಗುತ್ತಿರುವ ಕುರುಡು ಹೆಂಗಸು.'

ಅವಳ ಬೆರಳು ನಿಂತಿತು. ಮೇಲಿನ ಚಿತ್ರಕ್ಕೆ ಹೋದಳು. 'ಡಾಕ್ಟರ್ ನರಹರಿ, ನಿರ್ದೇಶಕರು.' ಅದರ ಕೆಳಗೆ, 'ಅಕ್ಷಯಾ, ವಿನ್ಯಾಸಕಿ.' ಮತ್ತೆ ತನ್ನದಕ್ಕೆ ಬಂದಳು. ಹೆಸರೂ ಇಲ್ಲ. ಭೀಮುನಿಪಟ್ಟಣದಲ್ಲಿ ಕೂತ ಅವಳ ಗೆಳೆಯ ಭೀಮಸೇನನಂಥವರು, ಅವಳಂತೆ ಕಿವಿಯಿಂದಲೇ ಓದುವವರು, ಮೊದಲು ಕೇಳುವುದು ಇದನ್ನೇ.

ಬದಲಾಯಿಸುವ ಅಧಿಕಾರ ಅವಳಿಗಿತ್ತು. 'ಪ್ರತೀಕ್ಷಾ, ಸಂಶೋಧಕಿ' ಎಂದು ತಿದ್ದಿದಳು. ಆಮೇಲೆ ನಿರ್ದೇಶಕರ ಚಿತ್ರಕ್ಕೆ ಹೋಗಿ, ಒಂದೊಂದೇ ಅಕ್ಷರ ಕೇಳಿಸಿಕೊಳ್ಳುತ್ತ ಬರೆದಳು: 'ಕಣ್ಣು ಕಾಣುವ ಗಂಡಸು.' ನಗುತ್ತಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ, ಅದನ್ನು ಬರೆಯಲಿಲ್ಲ. ಅಕ್ಷಯಾಳದಕ್ಕೆ, 'ಕಣ್ಣು ಕಾಣುವ ಹುಡುಗಿ.'

"ಏನವಾ, ಒಬ್ಬಾಕೀನ ನಗಾಕತ್ತಿ?"

"ಏನಿಲ್ಲವ್ವಾ, ಮಲಕ್ಕೋ."

ಬೆಳಿಗ್ಗೆ ನರಹರಿ ಅವಳ ಮೇಜಿನ ಬಳಿ ಬಂದರು. "ಪುಟ ನೋಡಿದೆ ಕಣಮ್ಮ, ಎಲ್ಲಾ ನೀವು ಹೇಳಿದ ಹಾಗೇ ಇದೆ. ಫೋಟೋಗಳೂ ಚೆನ್ನಾಗಿ..." ಎಂದವರು, ಅವಳಿಗೆ ಕಾಣದೆಂದು ನೆನಪಾಗಿ, ಅರ್ಧಕ್ಕೇ ತಡೆದರು.

"ಹೌದ್ರಿ ಸರ್, ಚಲೋ ಬಂದಾವು. ಕೇಳೀನಿ."

ಅಕ್ಷಯಾ ಚಹಾ ತಂದಿಟ್ಟಳು. ಆ ಸಾಲುಗಳನ್ನು ತಿದ್ದಿದ್ದು ತಾನೆಂದು ಇವಳಿಗೂ ಹೇಳುವುದು ಬೇಡ, ಭೀಮಸೇನನಿಗೂ ಬೇಡ, ಯಾರಿಗೂ ಬೇಡ. ಪ್ರತೀಕ್ಷಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹಬೆಗೆ ಮುಖವೊಡ್ಡಿದಳು.